ಆವಿಯಾಗದ ನೀರು

ಕಾರ್ಖಾನೆಗಳ ಸುಸ್ಥಿರತಾ ವರದಿ ಬರೆಯುವುದಕ್ಕೆ ಈಗ ಪ್ರತ್ಯೇಕ ಕೋರ್ಸು ಬಂದಿದೆಯಂತೆ. ಹೋದ ತಿಂಗಳು ನನ್ನ ತಂಗಿಯ ಮಗಳು ತನ್ನ ಗೆಳತಿಯೊಬ್ಬಳನ್ನು ಮನೆಗೆ ಕರೆದುಕೊಂಡು ಬಂದಿದ್ದಳು. ಆ ಹುಡುಗಿಗೆ ದೊಡ್ಡ ರಾಸಾಯನಿಕ ಕಂಪನಿಯೊಂದರಲ್ಲಿ ಅದೇ ಕೆಲಸ ಸಿಕ್ಕಿತ್ತು. "ನೀವೂ ಇದನ್ನ ಭಾಳ ವರ್ಷ ಮಾಡೀರಂತಲ್ರಿ, ಏನರ ಹೇಳ್ರಿ" ಎಂದಳು. ನಾನು ಪರಿಸರ, ಶ್ರದ್ಧೆ, ಶಿಸ್ತು ಅಂತ ನಾಲ್ಕು ಒಳ್ಳೆಯ ಮಾತಾಡಿ ಕಳಿಸಿದೆ. ಅವಳು ಗೇಟು ದಾಟುವಷ್ಟರಲ್ಲಿ ನನಗೆ ನನ್ನ ಮೇಲೇ ಸಿಟ್ಟು ಬಂತು. ನಿವೃತ್ತಳಾಗಿ ಇಷ್ಟು ವರ್ಷಗಳಾದರೂ ವರದಿಯ ಭಾಷೆ ನನ್ನ ಬಾಯಿಂದ ಹೋಗಿಲ್ಲ. ಆ ಹುಡುಗಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಹಲಗೇರಿ. ಮದುವೆಯಾಗಿ ಬಂದದ್ದು ರಾಣೆಬೆನ್ನೂರಿಗೆ. ಯಜಮಾನರು ಬೀಜದ ಕಂಪನಿಯೊಂದರಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದರು. ನಾನು ರಸಾಯನಶಾಸ್ತ್ರದಲ್ಲಿ ಪದವಿ ಮಾಡಿಕೊಂಡಿದ್ದರಿಂದ, ಬ್ಯಾಡಗಿಯ ದಾರಿಯಲ್ಲಿದ್ದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಆ ಕಾರ್ಖಾನೆಯ ಹಳೆಯ ಹೆಸರು ಈಗ ಬೋರ್ಡಿನ ಮೇಲೂ ಇಲ್ಲ, ಇಲ್ಲಿಯೂ ಬೇಡ. ಒಣ ಮೆಣಸಿನಕಾಯಿಯ ಪುಡಿಯನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು, ಅದರ ಕೆಂಪನ್ನೆಲ್ಲ ಎಣ್ಣೆಯ ರೂಪದಲ್ಲಿ ತೆಗೆಯುವುದು ಅಲ್ಲಿಯ ಕೆಲಸ. ಆ ಎಣ್ಣೆ ಡ್ರಮ್ಮುಗಳಲ್ಲಿ ಹೊರದೇಶಕ್ಕೆ ಹೋಗಿ ಅಲ್ಲಿಯವರ ಸಾಸಿಗೆ, ಮಾಂಸಕ್ಕೆ, ತುಟಿಯ ಬಣ್ಣಕ್ಕೆ ಸೇರುತ್ತಿತ್ತು. ಹೆಕ್ಸೇನ್ ನೋಡುವುದಕ್ಕೆ ನೀರಿನ ಹಾಗೆ, ಮೂಸಿದರೆ ಪೆಟ್ರೋಲಿನ ಹಾಗೆ. ಕೆಲಸ ಮುಗಿದ ಮೇಲೆ ಅದನ್ನು ಕಾಯಿಸಿ, ತಣಿಸಿ, ಮತ್ತೆ ಹಿಡಿದುಕೊಳ್ಳುತ್ತಿದ್ದರು. ಪೂರ್ತಿ ಹಿಡಿಯುವುದು ಆಗುತ್ತಿರಲಿಲ್ಲ. ಉಳಿದದ್ದು ನೀರಿನ ಜೊತೆ ಹೋಗುತ್ತಿತ್ತು. ಆ ನೀರನ್ನು ಶುದ್ಧ ಮಾಡುವ ತೊಟ್ಟಿಗಳ ಪಕ್ಕದಲ್ಲೇ ನನ್ನ ಲ್ಯಾಬು.

ಸೇರಿದ ಮೊದಲ ವಾರ ನಾನು ಕಲಿತದ್ದು ಸೀನುವುದನ್ನು. ಮೆಣಸಿನಕಾಯಿಯ ಘಾಟಿಗೆ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಎರಡನೆಯ ವಾರ ಫಕ್ಕೀರಪ್ಪ ನನಗೆ ಮೂಸುವುದನ್ನು ಕಲಿಸಿದ. ಫಕ್ಕೀರಪ್ಪ ತೊಟ್ಟಿಗಳನ್ನು ನೋಡಿಕೊಳ್ಳುವವನು, ಕಾಂಟ್ರ್ಯಾಕ್ಟರನ ಕಡೆಯ ಆಳು. ಓದಿದ್ದು ಎರಡನೆಯ ಇಯತ್ತೆ. ಬಾಟಲಿಯಲ್ಲಿ ನೀರು ಹಿಡಿದು, ಅಂಗೈಯಿಂದ ಬಾಯಿ ಮುಚ್ಚಿ, ಅಲುಗಾಡಿಸಿ, ಕೈ ತೆಗೆದು ಒಂದು ಸಲ ಮೂಸುತ್ತಿದ್ದ. "ಇವತ್ತ ಹೆಚ್ಚೈತ್ರಿ ಮೇಡಮ್ಮಾರ" ಅನ್ನುತ್ತಿದ್ದ. ನಾನು ಅರ್ಧ ದಿನ ಕೂತು ಪರೀಕ್ಷೆ ಮಾಡಿದರೆ ಅವನ ಮಾತೇ ಸರಿಯಾಗುತ್ತಿತ್ತು. ಮುಂದೆ ಲ್ಯಾಬಿಗೆ ಹೊಸ ಯಂತ್ರ ಬಂತು, ಕಂಪ್ಯೂಟರು ಬಂತು. ಆದರೂ ನಾನು ಯಂತ್ರಕ್ಕಿಂತ ಮೊದಲು ಅವನನ್ನೇ ಕೇಳುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ನಮ್ಮ ಎಣ್ಣೆ ಕೊಳ್ಳುವ ಯುರೋಪಿನ ಕಂಪನಿಯಿಂದ ಒಂದು ಪತ್ರ ಬಂತು. ಎಣ್ಣೆ ಚೊಕ್ಕವಾಗಿದ್ದರೆ ಮಾತ್ರ ಸಾಲದು, ಅದನ್ನು ಮಾಡುವ ಜಾಗವೂ ಚೊಕ್ಕವಾಗಿರಬೇಕು, ನೆರೆಹೊರೆಗೆ ತೊಂದರೆ ಇರಬಾರದು, ಆಳುಗಳಿಗೆ ಕೇಡಾಗಬಾರದು. ಇದನ್ನೆಲ್ಲ ಪ್ರತಿ ವರ್ಷ ವರದಿ ಮಾಡಬೇಕು. ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ನನ್ನ ತೊಟ್ಟಿಗಳನ್ನು ಯಾರೋ ಅಷ್ಟು ದೂರದಿಂದ ಕೇಳುತ್ತಿದ್ದಾರಲ್ಲ ಅನ್ನಿಸಿತು.

ಆಗ ನಮ್ಮ ಜನರಲ್ ಮ್ಯಾನೇಜರು ಪಾಟೀಲ ಸರ್. ಅವರನ್ನು ಕೆಟ್ಟವರು ಎಂದು ಬರೆದುಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತದೆ, ಆದರೆ ಅವರು ಹಾಗಿರಲಿಲ್ಲ. ಯಾರಿಗೂ ದನಿ ಎತ್ತಿ ಬೈದವರಲ್ಲ. ನಮ್ಮ ಅತ್ತೆ ಹಾಸಿಗೆ ಹಿಡಿದಾಗ, ಕೇಳುವ ಮೊದಲೇ ರಜೆ ಕೊಟ್ಟಿದ್ದರು. ಅವರು ನನ್ನನ್ನು ಕರೆದು, "ಗಿರಿಜಾ ಅವರ, ನಿಮ್ಮ ಬರವಣಿಗಿ ಚಲೋ ಐತಿ. ಈ ವರದಿ ನೀವ ಬರೀರಿ" ಎಂದರು. ಇಡೀ ಕಾರ್ಖಾನೆಯಲ್ಲಿ ಅದಕ್ಕೆ ನಾನೊಬ್ಬಳೇ ತಕ್ಕವಳು ಎಂದು ಉಬ್ಬಿಹೋದೆ.

ಫಾರಂನಲ್ಲಿ ಮೊದಲ ಪ್ರಶ್ನೆಯೇ ನೀರಿನದು. ಬೋರ್‌ವೆಲ್ಲಿನಿಂದ ಎಷ್ಟು ಎತ್ತಿದಿರಿ, ಶುದ್ಧ ಮಾಡಿ ಎಷ್ಟು ಹೊರಗೆ ಬಿಟ್ಟಿರಿ, ಎಷ್ಟು ತಿರುಗಿ ಬಳಸಿದಿರಿ? ಎರಡೂ ಕಡೆಯ ಮೀಟರಿನ ಪುಸ್ತಕಗಳು ನನ್ನ ಹತ್ತಿರವೇ ಇದ್ದವು. ಕೂಡಿಸಿ ಬರೆದೆ. ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ತಾಳೆಯಾಗಲಿಲ್ಲ. ಬಂದ ನೀರಿನಲ್ಲಿ ದೊಡ್ಡದೊಂದು ಪಾಲು ನಾಪತ್ತೆ. ಮೂರು ಸಲ ಕೂಡಿಸಿದೆ. ಕೊನೆಗೆ ಫಕ್ಕೀರಪ್ಪನನ್ನು ಕೇಳಿದೆ.

ಅವನು ನನ್ನನ್ನು ಬಾಯ್ಲರ್ ಮನೆಯ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಜಾಲಿಗಿಡಗಳ ನಡುವೆ ಒಂದು ಹಳೆಯ ಹೊಂಡ. ಶುದ್ಧೀಕರಣದ ತೊಟ್ಟಿಗಳನ್ನು ಕಟ್ಟುವ ಮೊದಲು ಎಲ್ಲ ನೀರೂ ಅದಕ್ಕೇ ಹೋಗುತ್ತಿತ್ತಂತೆ. ತಳಕ್ಕೆ ಕಲ್ಲಿಲ್ಲ, ಸಿಮೆಂಟಿಲ್ಲ, ಬರೀ ಮಣ್ಣು. ಮೇಲೆ ಕೆಂಪು ಜಿಡ್ಡು ತೇಲುತ್ತಿತ್ತು.

"ಮೆಣಸಿನಕಾಯಿ ಸೀಜನ್‌ದಾಗ ತೊಟ್ಟಿ ತುಂಬಿ ಹರೀತಾವ್ರಿ. ಆವಾಗ ಈ ವಾಲ್ವ್ ತಗಿ ಅಂತ ಹೇಳ್ತಾರ. ತಗೀತೇನಿ" ಎಂದ.

"ಮತ್ತ ಇದು ಎಲ್ಲಿ ಹೋಗತೈತೊ?"

"ಎಲ್ಲಿ ಹೋಕ್ಕೈತ್ರಿ? ಭೂಮಿ ಕುಡೀತೈತಿ."

ಇಷ್ಟು ವರ್ಷ ಅಲ್ಲೇ ಕೆಲಸ ಮಾಡಿ ನಾನು ಆ ಹೊಂಡ ನೋಡಿರಲಿಲ್ಲ. ಬಾಟಲಿಯಲ್ಲಿ ತಂದುಕೊಟ್ಟ ನೀರನ್ನು ಪರೀಕ್ಷೆ ಮಾಡುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ದಯವಿಟ್ಟು ಮೊದಲ ದಿನವೇ ಕಾರ್ಖಾನೆಯ ಹಿಂಭಾಗಕ್ಕೆ ಹೋಗಿ ಬನ್ನಿ. ಮುಂದಿನ ಭಾಗವನ್ನು ಅವರೇ ತೋರಿಸುತ್ತಾರೆ.

ಪಾಟೀಲ ಸರ್‌ಗೆ ಹೋಗಿ ಹೇಳಿದೆ. ಅವರಿಗೆ ಗೊತ್ತಿತ್ತು. ಇನ್ನೊಂದು ತೊಟ್ಟಿ ಕಟ್ಟಿಸಲು ಮಾಲಕರನ್ನು ಕೇಳಿದ್ದಾರಂತೆ, ಮುಂದಿನ ವರ್ಷ ನೋಡೋಣ ಎಂದಿದ್ದಾರಂತೆ. "ಆದರ ಹೊಂಡ ಅಂತ ಬರದ್ರ ಆ ಮಂದಿ ಮುಂದಿನ ಜಹಾಜಿಗೆ ಮಾಲ ತಗೊಳ್ಳೂದಿಲ್ಲ. ಏನ ಮಾಡೂದ ಹೇಳ್ರಿ" ಎಂದು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

ಅವರು ನನಗೆ ಏನನ್ನೂ ಹೇಳಿ ಬರೆಸಲಿಲ್ಲ. ಇದನ್ನು ಒತ್ತಿ ಬರೆಯುತ್ತೇನೆ, ಯಾಕೆಂದರೆ ಬಹಳ ವರ್ಷ ನಾನು ನನಗೇ ಬೇರೆ ರೀತಿ ಹೇಳಿಕೊಂಡಿದ್ದೇನೆ. ಅವರ ತೊಂದರೆ ನೋಡಿ, ಜಾಣತನ ತೋರಿಸುವ ಆಸೆಯಿಂದ ನಾನೇ ಅಂದೆ: "ಸರ್, ನಮ್ಮ ಕೂಲಿಂಗ್ ಟವರ್ ಐತಲ್ರಿ. ಬಿಸಿನೀರು ತಣೀವಾಗ ಒಂದಿಷ್ಟು ಆವಿ ಆಗೇ ಆಗತೈತಿ. ಉಳಿದದ್ದನ್ನೂ ಅದಕ್ಕ ಸೇರಿಸಿ, ಆವಿಯಾಗಿ ಹೋದ ನೀರು ಅಂತ ಬರಿಬಹುದ್ರಿ."

ಅವರ ಮುಖ ಅರಳಿತು. "ಶಹಬ್ಬಾಸ್" ಎಂದರು. ಆ ಶಹಬ್ಬಾಸ್ ಕೇಳಿ ಬಸ್ಸಿನಲ್ಲಿ ಮನೆಗೆ ಹೋಗುವತನಕ ನನ್ನ ಎದೆ ಹಗುರವಾಗಿತ್ತು. ಮನೆಯಲ್ಲಿ ಯಜಮಾನರಿಗೂ ಹೇಳಿಕೊಂಡೆ.

ಎರಡನೆಯ ವರ್ಷದ ಫಾರಂನಲ್ಲಿ ಹೊಸದೊಂದು ಕಲಂ ಇತ್ತು. ಕಾರ್ಖಾನೆಯಿಂದ ಒಳಿತು ಕೆಡುಕು ತಟ್ಟುವವರನ್ನೆಲ್ಲ ಕರೆದು ಸಭೆ ಮಾಡಬೇಕು. ಅಂಥವರಿಗೆ ಇಂಗ್ಲಿಷಿನಲ್ಲಿದ್ದ ಪದವನ್ನು ನಾನು ನಿಘಂಟು ನೋಡಿ 'ಪಾಲುದಾರರು' ಎಂದು ಮಾಡಿದೆ. ಕಾರ್ಖಾನೆಯ ಹಿಂದಿನ ಹಳ್ಳಿಯಲ್ಲಿ 'ಪಾಲುದಾರರ ಸಭೆ, ಎಲ್ಲರೂ ಬರಬೇಕು' ಎಂದು ಚೀಟಿ ಹಂಚಿಸಿದೆವು. ನನ್ನ ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಜನ ನಕ್ಕದ್ದು ಇದೊಂದಕ್ಕೇ. ಅವತ್ತು ಇಡೀ ಹಳ್ಳಿ ಬಂತು. ಕೈಯಲ್ಲಿ ರೇಷನ್ ಕಾರ್ಡು, ಎರಡೆರಡು ಫೋಟೊ. ಕಂಪನಿಯಲ್ಲಿ ಮನೆಗೊಂದು ಪಾಲು ಬರೆದುಕೊಡುತ್ತಾರೆ ಎಂದು ಸುದ್ದಿಯಾಗಿತ್ತು. ಒಬ್ಬ ಅಜ್ಜ, "ನನ್ನ ಪಾಲು ಸಣ್ಣ ಮಗನ ಹೆಸರಿಗೆ ಹಚ್ರಿ, ದೊಡ್ಡಾಂವ ಕುಡೀತಾನ" ಎಂದು ನನ್ನ ಮುಂದೆಯೇ ಕೂತುಬಿಟ್ಟ. ಪಾಟೀಲ ಸರ್ ಬೆವರು ಒರೆಸಿಕೊಳ್ಳುತ್ತ ನಿಂತರು. ವಿಷಯ ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಜನ ಬೈಯುತ್ತ ಎದ್ದುಹೋದರು.

ಎಲ್ಲರೂ ಹೋದ ಮೇಲೂ ಒಬ್ಬ ಹೆಂಗಸು ಉಳಿದಿದ್ದಳು. ಐವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಗಂಟು. ಹೆಸರು ಖಾಜಾಬಿ. ಗಂಡ ತೀರಿಕೊಂಡ ಮೇಲೆ, ನಮ್ಮ ಕಾರ್ಖಾನೆಯ ಹಿಂದಿನ ಗೋಡೆಗೆ ಹತ್ತಿದ ವೀಳ್ಯದೆಲೆ ಬಳ್ಳಿಯ ತೋಟವನ್ನು ಅವಳೇ ಮಾಡುತ್ತಿದ್ದಳು. ವಾರಕ್ಕೆರಡು ಸಲ ಹಾವೇರಿಗೆ ಎಲೆ ಹೋಗುತ್ತಿತ್ತು.

"ನನಗ ಪಾಲು ಬ್ಯಾಡ್ರಿ ಬಾಯಾರ. ಇದನ್ನ ಒಮ್ಮೆ ಮೂಸಿ ನೋಡ್ರಿ" ಎಂದು ಗಂಟು ಬಿಚ್ಚಿದಳು.

ಎಳೆಯ, ಹಸಿರು ಹೊಳೆಯುವ ಎಲೆಗಳು. ನೋಡುವುದಕ್ಕೆ ಒಂದು ಕುಂದಿಲ್ಲ. ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲು.

"ಎಲಿ ಬಾಡಬಾರದು ಅಂತ ಬಾವಿ ನೀರು ಚಿಮುಕಿಸಿ ಕಟ್ತೇವ್ರಿ. ಮೂರು ವಾರ ಆತು, ಹಾವೇರ್ಯಾಗ ದಲಾಲಿ ಮೂಸತಾನ, ಹೊಳ್ಳಿ ಕಳಸ್ತಾನ. ಬಾಯಾಗ ಇಡೂ ಮಾಲು ಐತಬೆ, ಇದನ್ನ ಯಾರು ತಿಂತಾರ ಅಂತಾನ. ನಿಮ್ಮ ಫ್ಯಾಕ್ಟ್ರಿ ವಾಸನಿ ಇದು. ನನ್ನ ಬಾವ್ಯಾಗಿಂದ ತಗದಬಿಡ್ರಿ, ಮತ್ತೇನ ಕೇಳೂದಿಲ್ಲ."

ಮರುದಿನ ಫಕ್ಕೀರಪ್ಪನನ್ನು ಕರೆದುಕೊಂಡು ತೋಟಕ್ಕೆ ಹೋದೆ. ಬಳ್ಳಿಗಳ ಸಾಲಿನೊಳಗೆ ಹೊಕ್ಕರೆ ಹೊರಗಿನ ಬಿಸಿಲು ಮರೆತುಹೋಗುವಂಥ ತಂಪು. ಬಾವಿಯಿಂದ ಒಂದು ಕೊಡ ಸೇದಿದಳು. ಫಕ್ಕೀರಪ್ಪ ಬಾಟಲಿಯಲ್ಲಿ ಹಿಡಿದು ಅಲುಗಾಡಿಸಿ ಮೂಸಿದ. ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡಿದ. ವಾಲ್ವ್ ತೆಗೆಯುತ್ತಿದ್ದ ಕೈ ಅವನದು, ಆವಿ ಎಂದು ಬರೆದ ಕೈ ನನ್ನದು. ಇಬ್ಬರೂ ಅವಳ ಬಾವಿಯ ಕಟ್ಟೆಯ ಮೇಲೆ ನಿಂತಿದ್ದೆವು.

"ಏನೈತ್ರಿ ನೀರಾಗ?" ಎಂದು ಅವಳು ಕೇಳಿದಳು.

"ಪರೀಕ್ಷೆ ಮಾಡಿ ಹೇಳತೇನಿ" ಎಂದೆ. ಪರೀಕ್ಷೆ ಮಾಡಿದೆ. ಅವಳಿಗೆ ಹೇಳಲಿಲ್ಲ.

ಪಾಟೀಲ ಸರ್‌ಗೆ ಮಾತ್ರ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟೆ: ಹೊಂಡದ ನೀರು ಬಾವಿಗೆ ಸೇರುತ್ತಿದೆ, ಹೊಂಡ ಮುಚ್ಚಬೇಕು, ಬಾವಿಯ ನೀರನ್ನು ಕುಡಿಯಬೇಡಿ ಎಂದು ಹಳ್ಳಿಗೆ ತಿಳಿಸಬೇಕು. ಅವರು ಎರಡು ಸಲ ಓದಿ ಡ್ರಾದೊಳಗೆ ಇಟ್ಟರು. "ಇದನ್ನ ಫೈಲಿಗೆ ಹಾಕೂದು ಬ್ಯಾಡ. ಆ ಹೆಣ್ಮಗಳಿಗೆ ಸಹಾಯ ಮಾಡೋಣು. ಆದರ ತಪ್ಪು ನಮ್ಮದು ಅಂತ ಬಾಯಿ ಬಿಡೂದು ಬ್ಯಾಡ" ಎಂದರು.

ಸಹಾಯವಾಗಿ ಒಂದು ನೀರಿನ ಫಿಲ್ಟರು ಬಂತು. ಹಳ್ಳಿಯ ಶಾಲೆಯ ಎದುರು ಕೂರಿಸಿದೆವು. ಮೊದಲ ಕೊಡ ಖಾಜಾಬಿಗೇ ತುಂಬಿಕೊಡಬೇಕು, ಫೋಟೊ ತೆಗೆಯಬೇಕು ಎಂದು ಪಾಟೀಲ ಸರ್ ಹೇಳಿದರು. ಕರೆದುಕೊಂಡು ಬಂದವಳು ನಾನು. "ನಗಬೇ ಖಾಜಾಬಿ" ಎಂದವಳೂ ನಾನೇ. ಅವಳು ಏನೋ ಪರಿಹಾರ ಶುರುವಾಯಿತು ಎಂದುಕೊಂಡು ಖರೇನೇ ನಕ್ಕಳು. ಆ ಫೋಟೊ ಆ ವರ್ಷದ ವರದಿಯ ಮುಖಪುಟವಾಯಿತು. ತಲೆಯ ಮೇಲೆ ಹೊಳೆಯುವ ಸ್ಟೀಲಿನ ಕೊಡ, ಮುಖದಲ್ಲಿ ನಗು. ಒಳಗಿನ ಪುಟದಲ್ಲಿ, ಗ್ರಾಮಸ್ಥರ ಜೊತೆ ಸಮಾಲೋಚನೆ ನಡೆಸಿ ಅವರ ಬೇಡಿಕೆಯಂತೆ ಶುದ್ಧ ನೀರು ಒದಗಿಸಲಾಯಿತು ಎಂದು ನಾನು ಬರೆದ ಒಕ್ಕಣೆ. ಅವಳು ಕೇಳಿದ್ದು ಬಾವಿಯ ವಾಸನೆ ತೆಗೆಯಿರಿ ಎಂದು. ಆ ವರದಿಗೆ ಬೆಂಗಳೂರಿನಲ್ಲಿ ಒಂದು ಬಹುಮಾನ ಬಂತು. ಪಾಟೀಲ ಸರ್ ನನ್ನನ್ನೂ ವೇದಿಕೆಗೆ ಕರೆದರು. ಶಾಲು ಹೊದಿಸಿಕೊಂಡು ನಿಂತೆ.

ಈ ನಡುವೆ ಫಕ್ಕೀರಪ್ಪನಿಗೆ ಒಂದು ವಿಚಿತ್ರ ಶುರುವಾಗಿತ್ತು. ಒಂದು ದಿನ ತೊಟ್ಟಿಯ ಕಡೆಯಿಂದ ಲ್ಯಾಬಿಗೆ ಬಂದಾಗ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು.

"ಇನ್ನೊಂದ ಚಪ್ಲಿ ಎಲ್ಲೊ?" ಎಂದೆ.

ಕೆಳಗೆ ನೋಡಿಕೊಂಡು, "ಅಯ್ಯ, ಬಿಟ್ಟ ಬಂದೇನ್ರಿ" ಎಂದು ನಕ್ಕ. ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು. ಕಾಲಿಂದ ಜಾರಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಎರಡನೆಯ ಸಲವೂ ನಕ್ಕ. ಮೂರನೆಯ ಸಲ ನಗಲಿಲ್ಲ. ಪಾದಗಳು ಮರಗಟ್ಟಿದ್ದವು, ಬೆರಳುಗಳಲ್ಲಿ ಬಲವಿರಲಿಲ್ಲ, ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕಾಗಿತ್ತು. ರಾಣೆಬೆನ್ನೂರಿನ ಡಾಕ್ಟರು ಸಕ್ಕರೆ ಕಾಯಿಲೆಯೇನೋ ಎಂದು ನೋಡಿದರು. ಅದಿರಲಿಲ್ಲ. ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ನೀನು ಕೈ ಯಾತರಿಂದ ತೊಳೆಯುತ್ತಿ ಎಂದು. ಪಂಪಿನ ಭಾಗಗಳನ್ನೂ, ಜಿಡ್ಡು ಹತ್ತಿದ ಕೈಯನ್ನೂ ಅವನು ವರ್ಷಗಟ್ಟಲೆ ತೊಳೆದದ್ದು ಹೆಕ್ಸೇನಿನಲ್ಲಿ. ಜಿಡ್ಡು ಲಗೂನ ಹೋಗುತ್ತದೆ ಎಂದು ಎಲ್ಲರೂ ಹಾಗೇ ಮಾಡುತ್ತಿದ್ದರು. ಅದು ನರಗಳನ್ನು ತಿನ್ನುತ್ತದೆ ಎಂದು ಡ್ರಮ್ಮಿನ ಜೊತೆ ಬರುವ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಕಾಗದ ನನ್ನ ಕಪಾಟಿನಲ್ಲಿತ್ತು. ನಾನು ಓದಿದ್ದೆ. ಅವನಿಗೆ ಓದಿ ಹೇಳಬೇಕು ಎಂದು ನನಗೆ ಹೊಳೆದಿರಲಿಲ್ಲ.

ಪಾಟೀಲ ಸರ್ ಡಾಕ್ಟರ ಚೀಟಿ ನೋಡಿ ನಿಟ್ಟುಸಿರು ಬಿಟ್ಟರು. "ಭಾಳ ಕೆಟ್ಟ ಅನಸ್ತೈತಿ. ಆದರ ಅಂವ ಕಾಂಟ್ರ್ಯಾಕ್ಟರನ ಆಳು. ನಮ್ಮ ವರದ್ಯಾಗ ಬರೂದು ನಮ್ಮ ನೌಕರರಷ್ಟ" ಎಂದರು. ಮುಂದಿನ ತಿಂಗಳು ಕಾಂಟ್ರ್ಯಾಕ್ಟರ್ ಅವನನ್ನು ಕೆಲಸದಿಂದ ಬಿಡಿಸಿದ. ವರದಿಯಲ್ಲಿ 'ಕೆಲಸದಿಂದ ಬಂದ ಕಾಯಿಲೆಗಳು' ಎಂಬ ಸಾಲಿನ ಮುಂದೆ ನಾನು ಸೊನ್ನೆ ಟೈಪು ಮಾಡಿದೆ. ಒಂದು ಕೀಲಿ ಒತ್ತುವಷ್ಟೇ ಕೆಲಸ.

ಆಮೇಲೆ ಒಂದು ವರ್ಷ, ವರದಿಯನ್ನು ಹೊರಗಿನವರು ಬಂದು ತಾಳೆ ನೋಡಬೇಕು ಎಂದು ಕೊಳ್ಳುವವರು ನಿಯಮ ಮಾಡಿದರು. ಬೆಂಗಳೂರಿನಿಂದ ಸ್ಮಿತಾ ಎಂಬ ಹುಡುಗಿ ಬಂದಳು. ಚುರುಕು. ಬೇರೆ ತಪಾಸಣೆಗಳಿಗೆ ಬರುವವರ ಹಾಗೆ ಗೆಸ್ಟ್ ಹೌಸಿನಲ್ಲಿ ಕೂರದೆ ತೊಟ್ಟಿಗಳ ಮೇಲೆಲ್ಲ ಹತ್ತಿ ಇಳಿದಳು. ಮಧ್ಯಾಹ್ನ ಲ್ಯಾಬಿಗೆ ಬಂದು ನನ್ನ ಎದುರು ಕೂತು, "ಮೇಡಂ, ಈ ಕೂಲಿಂಗ್ ಟವರ್ ಇಷ್ಟು ಚಿಕ್ಕದು. ಇಷ್ಟೊಂದು ನೀರು ಆವಿಯಾಗೋಕೆ ಹೇಗೆ ಸಾಧ್ಯ?" ಎಂದಳು.

ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಬಾಗಿಲ ಹೊರಗೆ ಯಾರೂ ಇರಲಿಲ್ಲ. ಹೊಂಡ ನೂರು ಹೆಜ್ಜೆ ದೂರದಲ್ಲಿತ್ತು. ಬಾ ಎಂದು ಎದ್ದಿದ್ದರೆ ಸಾಕಾಗಿತ್ತು. ನನ್ನ ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದವು. ಶಾಲು ಮನೆಯ ಕಪಾಟಿನಲ್ಲಿತ್ತು, ಯಜಮಾನರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ನಾನು ಎದ್ದು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ನಮ್ಮ ಕಡೆಯ ಬಿಸಿಲು, ಒಣ ಗಾಳಿ, ಬಾಯ್ಲರಿನ ಉಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪ ಎಳೆದು ಉದ್ದ ಮಾಡಿದೆ. ಮೂವತ್ತು ವರ್ಷ ಕಲಿತ ರಸಾಯನಶಾಸ್ತ್ರವನ್ನೆಲ್ಲ ಅದಕ್ಕೆ ಸುರಿದೆ. ಅವಳು ಬರೆದುಕೊಂಡಳು. ಹೋಗುವಾಗ ನನ್ನ ಕೈ ಹಿಡಿದು, "ನಿಮ್ಮಂಥ ಸೀನಿಯರ್ಸ್ ಇರೋದ್ರಿಂದ ನಮಗೆ ಧೈರ್ಯ ಮೇಡಂ" ಎಂದಳು. ನನಗೆ ಆದ ಅವಮಾನಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅವಳಿಗೆ ಮಾತ್ರ ಅದು ಗೊತ್ತಿಲ್ಲ.

ಎಲೆ ವಾಪಸು ಬರತೊಡಗಿದ ಮೇಲೆ ಎರಡು ಸೀಜನ್ ಕಳೆಯುವಷ್ಟರಲ್ಲಿ ಖಾಜಾಬಿ ಎಲೆಬಳ್ಳಿ ಕಿತ್ತುಹಾಕಿದಳು. ಮಾರುಕಟ್ಟೆಯಲ್ಲಿ ಅವಳ ತೋಟದ ಹೆಸರು ಹೇಳಿದರೇ ದಲಾಲಿಗಳು ಗಂಟು ಬಿಚ್ಚುತ್ತಿರಲಿಲ್ಲವಂತೆ. ನಾನು ಅದನ್ನು ಕಂಡದ್ದು ಗೋಡೆಯ ಈಚೆಯಿಂದ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಕಾಣುತ್ತಿದ್ದ ಹಸಿರು ಇರಲಿಲ್ಲ. ಆ ವರ್ಷದ ವರದಿಯಲ್ಲಿ ಸ್ಥಳೀಯ ಮಹಿಳೆಯರ ಸ್ವಾವಲಂಬನೆ ಎಂಬ ಅಧ್ಯಾಯವಿತ್ತು.

ದಶಕ ಮುಗಿಯುವ ಹೊತ್ತಿಗೆ ನಾನು ನಿವೃತ್ತಳಾದೆ. ಅಷ್ಟರಲ್ಲಿ ಪಾಟೀಲ ಸರ್ ಬೇರೆ ಕಂಪನಿಗೆ ಹೋಗಿದ್ದರು, ಕಾರ್ಖಾನೆಯನ್ನು ಬೇರೆಯವರು ಕೊಂಡಿದ್ದರು. ಹೊಸ ಮಾಲಕರು ನನಗೆ ಹೂಮಾಲೆ ಹಾಕಿದರು. ಮನೆಯಲ್ಲಿ ಕೂತ ಮೇಲೆ ಹೊತ್ತು ಹೋಗುವುದು ಕಷ್ಟವಾಯಿತು. ಒಂದು ದಿನ ಮೆಣಸಿನಕಾಯಿ ತರಲೆಂದು ಬ್ಯಾಡಗಿಗೆ ಹೋದವಳು ಬಸ್ ಸ್ಟ್ಯಾಂಡಿನ ಹತ್ತಿರ ಫಕ್ಕೀರಪ್ಪನನ್ನು ಕಂಡೆ. ತಮ್ಮನ ಸೈಕಲ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಚಪ್ಪಲಿಯನ್ನು ಪಾದಕ್ಕೆ ಹುರಿಯಿಂದ ಕಟ್ಟಿಕೊಂಡಿದ್ದ. ಎದ್ದು ನಿಲ್ಲಲು ಹವಣಿಸಿದ, ಆಗಲಿಲ್ಲ.

"ಬರ್ರಿ ಮೇಡಮ್ಮಾರ, ಆರಾಮ ಅದೀರಿ?" ಎಂದ. ಮುಖದಲ್ಲಿ ಒಂದಿಷ್ಟೂ ಸಿಟ್ಟಿಲ್ಲ. ಅವನು ಬೈದಿದ್ದರೆ ನಾನು ಮನೆಗೆ ವಾಪಸು ಹೋಗುತ್ತಿದ್ದೆನೇನೋ. ಬೈಯದ್ದಕ್ಕೇ ನನಗೆ ನಿಲ್ಲಲಾಗಲಿಲ್ಲ. ಮೆಣಸಿನಕಾಯಿ ತರದೆ, ಸೀದಾ ಆಟೋ ಹತ್ತಿ ಖಾಜಾಬಿಯ ಮನೆಗೆ ಹೋದೆ.

ಅವಳು ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಈಗ ದಲಾಲಿ ಅಂಗಡಿಯವರು ತಂದುಕೊಡುವ ಚೀಲಗಳ ಮೇಲೆ ಬದುಕು. ಸೊಸೆ ರೇಶ್ಮಾ ಒಳಗಿಂದ ಚಾಪೆ ತಂದು ಹಾಕಿದಳು. ನಾನು ಕೂತು ಎಲ್ಲವನ್ನೂ ಹೇಳಿದೆ. ಬರವಣಿಗೆ ಚಲೋ ಇದೆ ಎಂದು ವರದಿ ನನ್ನ ಕೈಗೆ ಬಂದದ್ದು, ಹೊಂಡ, ವಾಲ್ವ್, ಪರೀಕ್ಷೆ, ಡ್ರಾ ಸೇರಿದ ಟಿಪ್ಪಣಿ, ಆವಿ ಎಂಬ ಮಾತು, ಮುಖಪುಟದ ಫೋಟೊ. ಹೇಳುತ್ತ ಅತ್ತುಬಿಟ್ಟೆ. ಅವಳ ಕೈ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

ನಾನು ಮುಗಿಸಿದ ಮೇಲೆ ಅವಳು ಕೇಳಿದ್ದು ಒಂದೇ: "ಬಾವಿ ಕಟ್ಟಿ ಮ್ಯಾಲೆ ನಿಂತಿದ್ರಲ್ಲ, ಆವತ್ತ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಆಮ್ಯಾಲೆ ವರ್ಷಗಟ್ಟಲೆ ನನ್ನ ಮೊಮ್ಮಕ್ಕಳು ಅದ ಬಾವಿ ನೀರಾಗ ಜಳಕಾ ಮಾಡ್ಯಾವು. ಫಿಲ್ಟರ್ ಕೆಟ್ಟಾಗ ಕುಡದಾವು." ಮುರಿದ ತೊಟ್ಟುಗಳನ್ನು ಪಕ್ಕಕ್ಕೆ ಸರಿಸಿದಳು. "ಆವತ್ತ ಹೇಳಿದ್ರ ನನ್ನ ತ್ವಾಟ ಉಳೀತಿತ್ತು. ಇವತ್ತ ಹೇಳಿದ್ರ ನಿಮ್ಮ ಮನಸ ಹಗುರ ಆಕ್ಕೈತಿ. ನನಗೇನ ಆಕ್ಕೈತ್ರಿ?"

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಅಳಬ್ಯಾಡ್ರಿ. ಬರದ ಕೊಡ್ರಿ" ಎಂದಳು. "ನಿಮ್ಮ ಕೈ ಬರವಣಿಗಿ ಚಲೋ ಐತಂತಲ್ಲ. ಈಗ ಹೇಳಿದ್ದನ್ನ ಹಂಗ ಬರೀರಿ. ಕೆಳಗ ಸಹಿ ಮಾಡ್ರಿ."

ರೇಶ್ಮಾ ಮಗನ ಪಾಟಿಚೀಲದಿಂದ ನೋಟ್‌ಬುಕ್ಕು, ಪೆನ್ನು ತಂದಳು. ಚಾಪೆಯ ಮೇಲೆ ಕೂತು ನಾಲ್ಕು ಪುಟ ಬರೆದೆ. ಫಕ್ಕೀರಪ್ಪನ ವಿಷಯವನ್ನೂ ಬರೆದೆ. ರೇಶ್ಮಾ ಅದನ್ನು ಗಟ್ಟಿಯಾಗಿ ಓದಿದಳು. 'ಇದು ನನಗೆ ಆಗಲೇ ಗೊತ್ತಿತ್ತು' ಎಂಬ ಸಾಲು ಬಂದಾಗ ಖಾಜಾಬಿ ತಡೆದು, "ಅದನ್ನ ಇನ್ನೊಮ್ಮೆ ಓದು" ಎಂದಳು. ಓದಿದಳು. ಹಾಳೆ ಹರಿದು, ಮಡಿಸಿ, ಕುಪ್ಪಸದಲ್ಲಿ ಇಟ್ಟುಕೊಂಡು ಖಾಜಾಬಿ ಮತ್ತೆ ಕೆಲಸಕ್ಕೆ ಕೂತಳು. ಹೋಗಿ ಬರ್ತೇನಿ ಎಂದೆ. ಅವಳು ಮುಂದಿನ ಚೀಲ ಎಳೆದುಕೊಂಡಳು.

ಆ ಕಾಗದದ ಆಧಾರದ ಮೇಲೆ ಖಾಜಾಬಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿದಳು. ಪಾಟೀಲ ಸರ್ ಒಮ್ಮೆ ಫೋನು ಮಾಡಿ, "ನಿಮ್ಮಿಂದ ಇದನ್ನ ಎಣಿಸಿರಲಿಲ್ಲ ಗಿರಿಜಾ ಅವರ" ಎಂದರು. ಯಜಮಾನರು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹಾವೇರಿಯಲ್ಲಿ ವಿಚಾರಣೆಗೆ ಕರೆದರು. ಅಧಿಕಾರಿಯ ಟೇಬಲ್ಲಿನ ಮೇಲೆ ನಮ್ಮ ಹಳೆಯ ವರದಿಗಳೆಲ್ಲ ಇದ್ದವು. ಅವರು ಒಂದನ್ನು ತೆರೆದು ಆವಿಯ ವಾಕ್ಯವನ್ನು ಓದಿ, "ಇದನ್ನು ಬರೆದವರು ಯಾರು?" ಎಂದು ಕೇಳಿದರು. ಕೆಳಗೆ ಸಹಿ ಪಾಟೀಲ ಸರ್ ಅವರದಿತ್ತು. ಬರೆದವರ ಹೆಸರು ಎಲ್ಲಿಯೂ ಇರಲಿಲ್ಲ.

"ನಾನ್ರಿ" ಎಂದೆ.

"ಮೇಲಿನವರು ಹೇಳಿ ಬರೆಸಿದರೇ?"

ಕೋಣೆಯ ಇನ್ನೊಂದು ಮೂಲೆಯಲ್ಲಿ ಖಾಜಾಬಿ ಬೆಂಚಿನ ಮೇಲೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ರಿ. ಆ ಮಾತು ನಾನ ಹುಡುಕಿ ಕೊಟ್ಟದ್ದು."

ಅಧಿಕಾರಿ ಪೆನ್ನು ಎತ್ತಿ ಬರೆದುಕೊಂಡರು. ಫಕ್ಕೀರಪ್ಪನ ವಿಷಯ ತೆಗೆದಾಗ, ಅದು ಬೇರೆ ಇಲಾಖೆಗೆ ಸೇರಿದ್ದು, ಅಲ್ಲಿ ಬೇರೆ ಅರ್ಜಿ ಹಾಕಬೇಕು ಎಂದರು. ಹಾಕಿದೆವು. ಆ ಕಾಂಟ್ರ್ಯಾಕ್ಟರನ ವಿಳಾಸದಲ್ಲಿ ಈಗ ಯಾರೂ ಇಲ್ಲ ಎಂದು ಉತ್ತರ ಬಂತು. ಹೊಸ ಮಾಲಕರು ಹೊಂಡದ ಮಣ್ಣನ್ನೆಲ್ಲ ಬಗೆದು ಸಾಗಿಸಿದರು, ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿಸಿದರು, ಹಳ್ಳಿಗೆ ನಲ್ಲಿ ಬಂತು. ಎಲೆತೋಟ ಮತ್ತೆ ಆಗಲಿಲ್ಲ. ಬಾವಿ ಇನ್ನೂ ಮುಚ್ಚಿಯೇ ಇದೆ.

ವಿಚಾರಣೆಯ ದಿನ ಹಾವೇರಿಯಿಂದ ಬ್ಯಾಡಗಿಗೆ ನಾವು ಒಂದೇ ಬಸ್ಸಿನಲ್ಲಿ ಬಂದೆವು. ಮೊದಲು ಹತ್ತಿದ ನಾನು ಕಿಟಕಿಯ ಕಡೆ ಸರಿದು ಪಕ್ಕದ ಜಾಗ ಬಿಟ್ಟು ಕೂತಿದ್ದೆ. ಖಾಜಾಬಿ ಹತ್ತಿದಳು, ನನ್ನನ್ನು ನೋಡಿದಳು, ಸೊಸೆಯ ಭುಜ ಹಿಡಿದುಕೊಂಡು ಹಿಂದಕ್ಕೆ ಹೋದಳು. ಹಿಂದೆ ಸೀಟಿರಲಿಲ್ಲ. ಬ್ಯಾಡಗಿಯತನಕ ನಿಂತುಕೊಂಡೇ ಬಂದಳು.